ಒಳಗಿದ್ದಾನೆ

ಹೊಸಬರು ಯಾರಾದರೂ ತ್ರೆಸ್ ತ್ರಾಂಕಾಸ್ ಊರಿನ ಕೂಡುರಸ್ತೆಯಲ್ಲಿ ಲಾರಿಯಿಂದ ಇಳಿದು, "ಕೆಳಗೆ ಹೋಗೋ ಗಾಡಿ ಯಾವ್ದಮ್ಮಾ?" ಎಂದು ಕೇಳಿದರೋ, ಅವರ ಕಥೆ ಮುಗಿದಂತೆ. ಅಲ್ಲಿನ ಊಟದಂಗಡಿಯ ಎರ್ಮಿನಿಯಾ ಸೌಟನ್ನು ಕೋಳಿಸಾರಿನ ಪಾತ್ರೆಯಲ್ಲೇ ಬಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು.

"ಕೆಳಗೆ ಹೋಗೋದು ಹೆಣ. ನೀನು ಹೋಗೋದು ಒಳಗೆ. ಬದುಕಿದ್ರೆ ಆಮೇಲೆ ಹೊರಗೆ ಹೋಗ್ತೀಯ. ಮೇಲೆ, ಕೆಳಗೆ ಅನ್ನೋದೆಲ್ಲ ಇಲ್ಲಿ ನಡೆಯಲ್ಲ. ತಿಳೀತಾ?"

ಸುತ್ತ ಕೂತು ಉಣ್ಣುತ್ತಿದ್ದ ಡ್ರೈವರುಗಳೆಲ್ಲ ಹೋ ಎಂದು ನಗುತ್ತಿದ್ದರು. ಲೋಡಿಂಗ್ ಆಫೀಸಿನ ಎವಾರಿಸ್ತೊ ಸಾವ್ಕಾರ ಕರಾವಳಿಯಿಂದ ಇಲ್ಲಿಗೆ ಬಂದ ಮೊದಲ ದಿನವೇ ಈ ಮಂಗಳಾರತಿ ಮಾಡಿಸಿಕೊಂಡಿದ್ದ. ಆರು ವರ್ಷವಾಯಿತು. ಈಗಲೂ ಯಾರಾದರೊಬ್ಬ ಪೋಲಿ ಅವನ ಕಿಟಕಿಯ ಮುಂದೆ ನಿಂತು, "ಸಾವ್ಕಾರ್ರೇ, ಕೆಳಗೆ ಹೋಗೋ ಗಾಡಿ ಯಾವ್ದು?" ಎಂದು ಕೂಗಿ ಓಡಿಹೋಗುತ್ತಾನೆ. ಎವಾರಿಸ್ತೊ ಆಗ ಕಾಗದಗಳಿಂದ ತಲೆ ಎತ್ತುವುದಿಲ್ಲ.

ಅವಳು ಹೇಳುವುದರಲ್ಲಿ ಸುಳ್ಳೇನಿಲ್ಲ, ಪಾಪ. ಬೆಟ್ಟದ ಸಾಲು ಮುಗಿದು ಕಾಡು ಶುರುವಾಗುವ ಆ ಜಾಗದಲ್ಲಿ ದಿಕ್ಕುಗಳು ಇರುವುದೇ ಎರಡು. ಒಂದು ದಾರಿ ಹೊರಗೆ ಹೋಗುತ್ತದೆ. ಹನ್ನೆರಡು ಗಂಟೆ ಲಾರಿಯಲ್ಲಿ ಎಲುಬು ಕುಲುಕಿಸಿಕೊಂಡು ಕಣಿವೆ ಹತ್ತಿದರೆ ಚಳಿಯ ಪಟ್ಟಣ ಸಿಗುತ್ತದೆ, ಕೋರ್ಟು, ಆಸ್ಪತ್ರೆ, ರೈಲು ಎಲ್ಲ ಅಲ್ಲೇ. ಇನ್ನೆರಡು ದಾರಿಗಳು ನದಿಯ ಎರಡು ದಂಡೆ ಹಿಡಿದು ಒಳಗೆ ಹೋಗುತ್ತವೆ, ಮರ ಕೊಯ್ಯುವ ಕ್ಯಾಂಪುಗಳಿಗೆ. ಮೂರು ದಾರಿಗೆ ಮೂರು ಗೇಟು, ಊರಿಗೆ ಹೆಸರು ಬಂದದ್ದೂ ಅದರಿಂದಲೇ. ಹೊರಗಿನ ದಾರಿ ಒಂದು ಲಾರಿಯಷ್ಟೇ ಅಗಲ, ಪಕ್ಕದಲ್ಲಿ ಪ್ರಪಾತ. ಆದ್ದರಿಂದ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರರಿಂದ ಎಂಟರವರೆಗೆ ಗೇಟು ತೆಗೆದು ಹೊರಗೆ ಹೋಗುವವರನ್ನು ಬಿಡುತ್ತಾರೆ. ಮಂಗಳವಾರ, ಗುರುವಾರ, ಶನಿವಾರ ಅಲ್ಲಿಂದ ಇಲ್ಲಿಗೆ ಬರುವವರ ದಿನ. ಭಾನುವಾರ ದೇವರದ್ದು. ಪೊಲೀಸರ ಗಾಡಿಗೆ ಮಾತ್ರ ಈ ಲೆಕ್ಕ ಇಲ್ಲ, ಅದು ಯಾವಾಗ ಬಂದರೂ ಎದುರಿನವರು ರಿವರ್ಸ್ ಹೋಗಿ ಜಾಗ ಬಿಡಬೇಕು.

ಎರ್ಮಿನಿಯಾಳ ಗಂಡ ಸಾಬಿನೊ ಮಾಯ್ತಾ ಮೂರು ವಾರದ ಹಿಂದೆ ಎರಡು ಮೂಟೆ ಕಾಫಿ ಹಾಕಿಕೊಂಡು ಹೊರಗೆ ಹೋದವನ ಪತ್ತೆ ಇರಲಿಲ್ಲ. ಕಾಫಿಗೆ ಒಳ್ಳೆ ಬೆಲೆ ಬರಲೆಂದು ಕಾಯುತ್ತಿರಬೇಕು ಎಂದು ಅವಳು ಊರಿಗೆಲ್ಲ ಹೇಳುತ್ತಿದ್ದಳು. ಒಬ್ಬಳೇ ಇದ್ದಾಗ ಅವಳಿಗೆ ಹಾಗನ್ನಿಸುತ್ತಿರಲಿಲ್ಲ. ಹನ್ನೊಂದು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡ ಎಷ್ಟು ದಿನ ತಡ ಮಾಡುತ್ತಾನೆ ಎಂಬ ಅಂದಾಜು ಇರುವುದಿಲ್ಲವೇ?

ಒಂಬತ್ತನೇ ತಾರೀಖು ಮಂಗಳವಾರ, ಸಂಜೆ ಐದು ಗಂಟೆ. ಎವಾರಿಸ್ತೊ ಎಂದಿನಂತೆ ರೇಡಿಯೋವನ್ನು ಕಿಟಕಿಯಲ್ಲಿಟ್ಟು ಜೋರಾಗಿ ಹಾಕಿದ್ದ. ಐದಕ್ಕೆ ಪಟ್ಟಣದ ಸ್ಟೇಷನ್ನಿನಿಂದ ಸಂದೇಶಗಳು ಬರುತ್ತವೆ. ಟಪಾಲು ತಲುಪದ ಕಣಿವೆಗಳಿಗೆ ಯಾರು ಸತ್ತರು, ಯಾರು ಹೆತ್ತರು, ಯಾರ ಹೇಸರಗತ್ತೆ ಸಿಕ್ಕಿತು ಎಂಬುದೆಲ್ಲ ಇದರಲ್ಲೇ ಗೊತ್ತಾಗುವುದು. ಕೂಡುರಸ್ತೆಯ ಜನರೆಲ್ಲ ಆ ಅರ್ಧಗಂಟೆ ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ, ತಮ್ಮದಕ್ಕಿಂತ ಬೇರೆಯವರದ್ದನ್ನು ಕೇಳುವ ಚಪಲ.

"ತ್ರೆಸ್ ತ್ರಾಂಕಾಸ್ ಕೂಡುರಸ್ತೆಯ ಎರ್ಮಿನಿಯಾ ಅವರಿಗೆ," ಎಂದಿತು ರೇಡಿಯೋ. "ನಿಮ್ಮ ಯಜಮಾನರು ಒಳಗಿದ್ದಾರೆ. ಅವರ ಜ್ಞಾನಸ್ನಾನದ ಪತ್ರ ತೆಗೆದುಕೊಂಡು ಹದಿನೆಂಟನೇ ತಾರೀಖಿನೊಳಗೆ ಬನ್ನಿ. ತಪ್ಪಿಸಬೇಡಿ. ಕಳುಹಿಸಿದವರು ಲೀನೊ."

ಎರ್ಮಿನಿಯಾಳ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಒಳಗೆ? ಹೊರಗೆ ಹೋದವನು ಒಳಗೆ ಹೇಗೆ ಬಂದ? ಹೊರಗಿನಿಂದ ಒಳಗೆ ಹೋಗಲು ಇರುವುದು ಒಂದೇ ದಾರಿ, ಅದು ಅವಳ ಒಲೆಯ ಮುಂದೆಯೇ ಹಾದುಹೋಗುತ್ತದೆ. ಲೀನೊ ಸಾಬಿನೊನ ದೊಡ್ಡಪ್ಪನ ಮಗ, ಪಟ್ಟಣದಲ್ಲಿದ್ದುಕೊಂಡು ಕ್ಯಾಂಪುಗಳಿಗೆ ಆಳು ಹಿಡಿದು ಕಳಿಸುವ ಕೆಲಸ ಅವನದು. ಕ್ಯಾಂಪಿನ ಪಟ್ಟಿಯಲ್ಲಿ ಹೆಸರು ಬರೆಸಬೇಕಾದರೆ ಚರ್ಚು ಕೊಡುವ ಜ್ಞಾನಸ್ನಾನದ ಪತ್ರ ಕೇಳುತ್ತಾರೆ. ಅವಳಿಗೆ ಎಲ್ಲ ತಟ್ಟನೆ ಹೊಂದಿಕೊಂಡಿತು. ಲೀನೊ ಭಾವನ ಮಾತು ಕಟ್ಟಿಕೊಂಡು, ಮನೆಗೆ ಒಂದು ಮಾತು ಹೇಳದೆ, ಮೂಟೆಗಳ ಮಧ್ಯೆ ಮುದುಡಿ ಕೂತು ತನ್ನ ಕಣ್ಣೆದುರೇ ದಾಟಿಹೋಗಿದ್ದಾನೆ! ಅವಳ ಮೈಯೆಲ್ಲ ಉರಿದುಹೋಯಿತು.

"ಅಕ್ಕಾ, ನೀನು ಅಷ್ಟು ಕೆಟ್ಟದಾಗಿ ಅಡುಗೆ ಮಾಡ್ತೀಯ ಅಂತ ಗೊತ್ತಿರ್ಲಿಲ್ಲ ಬಿಡು," ಎಂದ ಒಬ್ಬ ಡ್ರೈವರ್. "ವಾಸನೆ ಬಂದ ಕೂಡ್ಲೆ ಮೂಗು ಮುಚ್ಕೊಂಡು ಒಳಗೆ ಓಡಿದಾನೆ."

"ಒಳಗೆ ಇನ್ನೊಂದು ಒಲೆ ಹಚ್ಚಿರ್ಬೇಕು ಕಣೋ," ಎಂದ ಮತ್ತೊಬ್ಬ.

"ಬಾಯಿ ಮುಚ್ಕೊಂಡು ಉಣ್ರೋ, ನಿಮ್ಮ ನಾಲಿಗೆ ಸೇದಿಹೋಗ!" ಎಂದು ಎರ್ಮಿನಿಯಾ ಚೀರಿದಳು. ಆದರೆ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು, ಎಲ್ಲರೂ ಅದನ್ನು ನೋಡಿದರು.

ಎವಾರಿಸ್ತೊ ಕಿಟಕಿಯಿಂದ ಏನೋ ಹೇಳಲು ಬಾಯಿ ತೆರೆದ. ಕರಾವಳಿಯ ಮನುಷ್ಯನಿಗೆ, ಗಂಡಸೊಬ್ಬ ಒಳಗಿದ್ದಾನೆ ಎಂದರೆ ಎಲ್ಲಿದ್ದಾನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನ ಗೇಟು ಕಾಯುವ ಪೊರ್ಫಿರಿಯೊ ಪಟ್ಟಣದ ಪೊಲೀಸ್ ಠಾಣೆಯಲ್ಲಿ ನಾಲ್ಕು ವರ್ಷ ಕಸ ಗುಡಿಸಿದವನು, ಅವನಿಗೂ ಗೊತ್ತಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎವಾರಿಸ್ತೊ ಬಾಯಿ ಮುಚ್ಚಿಕೊಂಡು ಮೀಸೆ ಸವರಿದ.

"ಹೋಗಿ ನೋಡ್ಕೊಂಡು ಬಾಮ್ಮಾ," ಎಂದ ತಣ್ಣಗೆ. "ಒಳಗೆ ಯಾವ್ದು, ಹೊರಗೆ ಯಾವ್ದು ಅಂತ ನಿನಗಿಂತ ಚೆನ್ನಾಗಿ ಬಲ್ಲವರು ಈ ಊರಲ್ಲಿ ಯಾರಿದ್ದಾರೆ ಹೇಳು?"

ಮಾರನೆಯ ದಿನ ಬುಧವಾರ, ಹೊರಗಿನ ಗೇಟು ತೆರೆದುಕೊಂಡು ಕಾಯುತ್ತಿತ್ತು. ಎರ್ಮಿನಿಯಾ ಅದಕ್ಕೆ ಬೆನ್ನು ಹಾಕಿ, ಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಯಲ್ಲಿಟ್ಟುಕೊಂಡು, ಎಡದಂಡೆಯ ಕ್ಯಾಂಪುಗಳ ಲಾರಿ ಹತ್ತಿದಳು.

ಒಳಗೆ ಅವಳು ಪಟ್ಟ ಪಾಡು ಯಾಕೆ ಕೇಳುತ್ತೀರಿ. ಎಡದಂಡೆಯ ಮೂರು ಕ್ಯಾಂಪುಗಳಲ್ಲಿ ಪಟ್ಟಿ ತೆಗೆಸಿ ನೋಡಿದಳು, ಮಾಯ್ತಾ ಎಂಬ ಹೆಸರೇ ಇರಲಿಲ್ಲ. ವಾಪಸ್ ಬಂದು, ಊರಿಗಿಂತ ಮೊದಲೇ ಸಿಗುವ ಸೇತುವೆ ದಾಟಿ, ಊರಿಗೆ ಮುಖ ತೋರಿಸದೆ ಬಲದಂಡೆಗೆ ಹೋದಳು. ಅಲ್ಲಿ ಕೆಸರು ಮೊಣಕಾಲಿನವರೆಗೆ. ಲಾರಿ ಹೋಗದ ಕಡೆ ನಡೆದಳು. ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು, ಇನ್ನೊಂದನ್ನು ಅವಳೇ ಸಿಟ್ಟಿನಿಂದ ನದಿಗೆಸೆದಳು. ಕ್ಯಾಂಪಿನ ಗಂಡಸರಿಗೋ, ತಿಂಗಳುಗಟ್ಟಲೆ ಹೆಂಗಸಿನ ಮುಖ ಕಾಣದವರಿಗೆ, ಗಂಡನನ್ನು ಹುಡುಕಿಕೊಂಡು ಬಂದ ಹೆಂಗಸು ಅಂದರೆ ಹಬ್ಬ.

"ಸಾಬಿನೊ ತಾನೆ? ಕುಳ್ಳಗೆ, ಕಪ್ಪಗೆ? ನಿನ್ನೆ ನೋಡಿದ್ನಲ್ಲ! ಜೊತೇಲಿ ಒಬ್ಬಳಿದ್ಲು, ಒಳ್ಳೆ ದುಂಡುದುಂಡಗೆ. ಇನ್ನೂ ಒಳಗೆ ಹೋದ್ರು."

"ಸಾಬಿನೊ ಎತ್ತರ ಇದಾನೆ," ಎನ್ನುತ್ತಿದ್ದಳು ಎರ್ಮಿನಿಯಾ.

"ಹೌದೌದು, ಎತ್ತರಾನೇ. ಅವಳ ಪಕ್ಕ ಕುಳ್ಳಗೆ ಕಂಡ ಅಷ್ಟೆ."

ಅದು ತಮಾಷೆ ಎಂದು ಗೊತ್ತಾಗಿಯೂ ಅವಳು ಮುಂದೆ ಹೋದಳು. ಹೊಟ್ಟೆಕಿಚ್ಚು ಮನುಷ್ಯರನ್ನು ಎಷ್ಟು ದೂರ ನಡೆಸುತ್ತದೆಯೋ ಪ್ರೀತಿ ಅಷ್ಟು ನಡೆಸಲಾರದು. ಸಿಕ್ಕರೆ ಮೊದಲು ಅವನ ಕೆನ್ನೆಗೆ ಎರಡು ಬಿಗಿಯಬೇಕು, ಪತ್ರವನ್ನು ಅವನ ಮುಂದೆಯೇ ಹರಿದುಹಾಕಬೇಕು ಎಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿದ್ದಳು.

ಹದಿನೈದನೇ ತಾರೀಖು ಮಧ್ಯಾಹ್ನ ಬಲದಂಡೆಯ ಕೊನೆಯ ಕ್ಯಾಂಪು ಸಿಕ್ಕಿತು. ಅಲ್ಲಿಂದಾಚೆ ದಾರಿ ಇಲ್ಲ, ನದಿ ಮಾತ್ರ. ಅಡುಗೆಯ ಮುದುಕ ಒಂದು ಬಟ್ಟಲು ಅನ್ನ ಬಡಿಸಿ ಎದುರಿಗೆ ಕೂತ. ಮುಂದಿನ ನಾಲ್ಕು ಹಲ್ಲು ಇರಲಿಲ್ಲ, ಮಾತು ಕರಾವಳಿಯದ್ದು.

"ರೇಡಿಯೋದಲ್ಲಿ ಸರಿಯಾಗಿ ಏನಂದ್ರು ತಾಯಿ? ಅವರು ಹೇಳಿದ ಹಾಗೇ ಹೇಳು."

ಎರ್ಮಿನಿಯಾ ಒಂದಕ್ಷರ ಬಿಡದೆ ಹೇಳಿದಳು. ಆರು ದಿನದಿಂದ ಅದೇ ಅವಳ ಜಪವಾಗಿತ್ತು. ಮುದುಕ ಮೊದಲು ಕಿಸಕ್ಕನೆ ನಕ್ಕ. ಅವಳ ಕಾಲು ನೋಡಿದ ಮೇಲೆ ನಗು ನಿಂತಿತು.

"ಅಯ್ಯೋ ನನ್ನವ್ವಾ. ಒಳಗೆ ಅಂದ್ರೆ ಜೈಲು ಕಣೇ. ನಾನು ಏಳು ವರ್ಷ ಒಳಗಿದ್ದೆ, ನನಗೆ ಗೊತ್ತಿಲ್ವಾ? ಜ್ಞಾನಸ್ನಾನದ ಪತ್ರ ಕೇಳಿದಾರೆ ಅಂದ್ರೆ ಅದೇ ಹೆಸರಿನ ಇನ್ಯಾವನನ್ನೋ ಹುಡುಕ್ತಾ ನಿನ್ನ ಗಂಡನ್ನ ಹಿಡಿದಿದಾರೆ. ಪತ್ರದಲ್ಲಿ ಅಪ್ಪ ಅಮ್ಮನ ಹೆಸರಿರುತ್ತಲ್ಲ, ತೋರಿಸಿದ್ರೆ ಬಿಡ್ತಾರೆ. ತಾರೀಖು ಹೇಳಿದಾರೆ ಅಂದ್ರೆ ಆ ತಾರೀಖಾದ ಮೇಲೆ ಬೇರೆ ಕಡೆ ಸಾಗಿಸ್ತಾರೆ. ಏಳು, ಊಟ ಬಿಡು, ಏಳು!"

ಎರ್ಮಿನಿಯಾ ಬಟ್ಟಲನ್ನು ಪಕ್ಕಕ್ಕೆ ತಳ್ಳಿ ಎದ್ದಳು. ಜೈಲಿನ ನೆಲದ ಮೇಲೆ ಕೂತು ಬಾಗಿಲು ನೋಡುತ್ತಿರುವವನಿಗೆ ತಾನು ಇಲ್ಲಿ ಸೂಳೆಯನ್ನು ಕಟ್ಟಿಕೊಟ್ಟೆನಲ್ಲ ಎಂದು ತಲೆ ಚಚ್ಚಿಕೊಂಡಳು. ಆಮೇಲೆ ಓಡಿದಳು. ಕಾಲು ಎಷ್ಟು ಓಡುತ್ತದೋ ಅಷ್ಟು, ಮರದ ದಿಮ್ಮಿ ಎಳೆಯುವ ಟ್ರ್ಯಾಕ್ಟರು ಎಷ್ಟು ತೆವಳುತ್ತದೋ ಅಷ್ಟು. ಹದಿನೇಳನೇ ತಾರೀಖು ಬುಧವಾರ ಅವಳು ಕೂಡುರಸ್ತೆಗೆ ಬಂದು ಬಿದ್ದಾಗ ಎವಾರಿಸ್ತೊನ ಗೋಡೆ ಗಡಿಯಾರದಲ್ಲಿ ಎಂಟೂ ಇಪ್ಪತ್ತು.

ಹೊರಗಿನ ಗೇಟಿನ ಮುಂದೆ ಹಲಗೆ ತುಂಬಿದ ಒಂದು ಲಾರಿ ನಿಂತಿತ್ತು, ಅದೂ ತಡವಾಗಿ ಬಂದದ್ದು. ಡ್ರೈವರ್ ಬಿಟ್ಟರೆ ಹೋಗಲು ಸಿದ್ಧನಿದ್ದ. ಗೇಟು ಮುಚ್ಚಿ ಬೀಗ ಹಾಕಿತ್ತು. ಪೊರ್ಫಿರಿಯೊ ಬೀಗದ ಕೈಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ. ಅವಳನ್ನು ನೋಡಿದ್ದೇ ಕಿಟಕಿಯಿಂದ ಎವಾರಿಸ್ತೊ ಚಪ್ಪಾಳೆ ಹೊಡೆದ.

"ಬುಧವಾರ! ನೋಡ್ರಪ್ಪಾ ಎಲ್ಲ, ಇವತ್ತು ಬುಧವಾರ! ವಾರ ಕಳೀತು. ಪೊರ್ಫಿರಿಯೊ, ಬಿಯರಿನ ಪೆಟ್ಟಿಗೆ ತರ್ಸು!"

ಎರ್ಮಿನಿಯಾಳಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಒಬ್ಬ ಡ್ರೈವರ್ ನಗುತ್ತಲೇ ಬಿಡಿಸಿ ಹೇಳಿದ. ಒಳಗೆ ಅಂದರೆ ಜೈಲು ಎಂದು ಅವಳಿಗೆ ಒಂದು ವಾರದೊಳಗೆ ಹೊಳೆಯುತ್ತದೆ ಎಂದು ಪೊರ್ಫಿರಿಯೊ, ಹೊಳೆಯುವುದಿಲ್ಲ ಎಂದು ಎವಾರಿಸ್ತೊ ಪಂಥ ಕಟ್ಟಿದ್ದರು. ಅರ್ಧ ಊರು ಈ ಕಡೆ, ಅರ್ಧ ಊರು ಆ ಕಡೆ.

"ಗೊತ್ತಿತ್ತಾ?" ಎಂದಳು ಅವಳು. "ನಿಮಗೆ ಮೊದಲೇ ಗೊತ್ತಿತ್ತಾ?"

"ನಾನು ಹೊರಗಿನವನಲ್ವೇನಮ್ಮಾ," ಎಂದ ಎವಾರಿಸ್ತೊ. "ನನಗೆಲ್ಲಿ ಗೊತ್ತಾಗುತ್ತೆ ನಿಮ್ಮ ಒಳಗೆ ಹೊರಗೆ!"

ಅವನಿಗೆ ಉಗಿಯಲು ಅವಳ ಬಾಯಲ್ಲಿ ಎಂಜಲೂ ಇರಲಿಲ್ಲ. ನೇರ ಪೊರ್ಫಿರಿಯೊನ ಮುಂದೆ ಹೋಗಿ ನಿಂತಳು.

"ಅಣ್ಣಾ, ಗೇಟು ತೆಗಿ. ನಾಳೆ ಹದಿನೆಂಟು. ಲಾರಿ ನಿಂತಿದೆ, ಡ್ರೈವರ್ ಬರ್ತೀನಿ ಅಂತಾನೆ. ಎದುರಿಂದ ನಾಳೆ ಬೆಳಿಗ್ಗೆವರೆಗೂ ಯಾರೂ ಬರಲ್ಲ. ಇಪ್ಪತ್ತು ನಿಮಿಷ ತಡ ಆಗಿರೋದು, ಅಷ್ಟೆ."

"ಎಂಟಕ್ಕೆ ಮುಚ್ಚಬೇಕು ಅಂತ ರೂಲು."

"ಹೋದ ತಿಂಗಳು ನಿಮ್ಮ ಮಾವನ ಲಾರಿಗೆ ಹತ್ತು ಗಂಟೇಲಿ ತೆಗೀಲಿಲ್ವಾ?"

"ಅವರು ನನಗೆ ಒಂದು ಪೆಟ್ಟಿಗೆ ಬಿಯರ್ ಲಾಸ್ ಮಾಡಿರ್ಲಿಲ್ಲ," ಎಂದ ಪೊರ್ಫಿರಿಯೊ. ಅವನ ಮುಖ ನಿಜವಾಗಿಯೂ ಊದಿಕೊಂಡಿತ್ತು. "ನೀನೇ ನನ್ನ ಮಾನ ಕಳೆದೆ. ಇಷ್ಟು ದಡ್ಡಿ ಅಂತ ಯಾರಿಗೆ ಗೊತ್ತಿತ್ತು? ನಿನ್ನೆ ಸಂಜೆ ಬಂದಿದ್ರೆ ನಾನು ಗೆದ್ದಿರ್ತಿದ್ದೆ, ನಿನಗೂ ಗೇಟು ಸಿಕ್ಕಿರ್ತಿತ್ತು. ಶುಕ್ರವಾರ ಬಾ ಹೋಗು."

ಅವಳು ಅವನ ಕಾಲು ಹಿಡಿದಳು. ಹೌದು, ಹತ್ತು ವರ್ಷ ಅವನಿಗೆ ಸಾರು ಬಡಿಸಿದ ಎರ್ಮಿನಿಯಾ, ಜಗಳದಲ್ಲಿ ಯಾರಿಗೂ ಸೋಲದ ಎರ್ಮಿನಿಯಾ, ಎಲ್ಲರ ಎದುರು ಧೂಳಿನಲ್ಲಿ ಕೂತು ಅವನ ಬೂಟು ಹಿಡಿದುಕೊಂಡಳು. ನಗುತ್ತಿದ್ದವರಲ್ಲಿ ಕೆಲವರು ಆಗ ಆಚೆ ತಿರುಗಿದರು. ಪೊರ್ಫಿರಿಯೊ ಕಾಲು ಬಿಡಿಸಿಕೊಂಡು ಗೇಟಿನ ಆಚೆ ಬದಿಗೆ ಹೋಗಿ ಕೂತ. ಬಿಯರು ಬಂತು, ಕುಡಿದರು.

ಗುರುವಾರ ಬರುವವರ ದಿನ. ಬಂದ ಪ್ರತಿಯೊಂದು ಲಾರಿಯ ಡ್ರೈವರನಿಗೂ ಕೈಮುಗಿದು, ತಿರುಗಿಸಿಕೊಂಡು ವಾಪಸ್ ನಡಿ ಎಂದು ಬೇಡಿದಳು. ಎದುರು ಗಾಡಿ ಬರುವ ದಿನ ಆ ದಾರಿಯಲ್ಲಿ ಹೊರಟರೆ ಏನಾಗುತ್ತದೆಂದು ತಿಳಿದ ಯಾರೂ ಒಪ್ಪಲಿಲ್ಲ, ಅವರನ್ನು ಬಯ್ಯುವಂತೆಯೂ ಇರಲಿಲ್ಲ. ಸಂಜೆ ಅವಳು ಮನೆಗೆ ಹೋಗಿ ಮರಗೆಣಸು ಬೇಯಿಸಿದಳು. ಒಂದು ಕೋಳಿ ಕೊಯ್ದು ಹುರಿದಳು, ಸಾಬಿನೊನಿಗೆ ಇಷ್ಟದ ಹಸಿಮೆಣಸಿನ ಚಟ್ನಿ ಅರೆದಳು. ಒಂದು ದಿನ ಹೆಚ್ಚುಕಮ್ಮಿ ಆದರೆ ಸರ್ಕಾರವೇನು ಮುಳುಗಿಹೋಗುತ್ತದೆಯೇ, ಯಾವ ಕಚೇರಿ ಹೇಳಿದ ದಿನ ಹೇಳಿದ ಕೆಲಸ ಮಾಡಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಕಟ್ಟಿ ಬುಟ್ಟಿಯಲ್ಲಿಟ್ಟಳು. ಜೈಲಿನವರು ಏನು ಹಾಕುತ್ತಾರೋ, ಬಡಕಲಾಗಿರುತ್ತಾನೆ.

ಶುಕ್ರವಾರ ಆರಕ್ಕೆ ಗೇಟು ತೆರೆದಾಗ ಹಲಗೆಯ ಲಾರಿಯ ಮೇಲೆ ಅವಳೇ ಮೊದಲು ಹತ್ತಿ ಕೂತಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಕಣಿವೆಯ ಅತ್ಯಂತ ಇಕ್ಕಟ್ಟಿನ ಜಾಗದಲ್ಲಿ ಎದುರಿನಿಂದ ಹಾರನ್ ಕೇಳಿಸಿತು. ಪೊಲೀಸರ ಲಾರಿ, ಮೇಲೆ ಹಸಿರು ಟಾರ್ಪಾಲು ಬಿಗಿದಿತ್ತು. ಡ್ರೈವರ್ ಹಲ್ಲು ಕಚ್ಚಿ ಬಯ್ಯುತ್ತ ಅರ್ಧ ಮೈಲಿ ರಿವರ್ಸ್ ಹೋಗಿ, ಬಂಡೆ ಕೊರೆದು ಮಾಡಿದ್ದ ಗೂಡಿನಲ್ಲಿ ಲಾರಿಯನ್ನು ತುರುಕಿದ. ಎಲ್ಲರೂ ಇಳಿದು ಲಾರಿಯ ಮುಂದೆ ಬಂಡೆಗೆ ಬೆನ್ನು ಹಚ್ಚಿ ನಿಂತರು. ಪೊಲೀಸರ ಲಾರಿ ಗೇಣು ಗೇಣಾಗಿ ಪಕ್ಕಕ್ಕೆ ಬಂತು, ಎರಡು ಗಾಡಿಗಳ ನಡುವೆ ಒಂದು ಅಂಗೈಯಷ್ಟು ಜಾಗ. ನಡುವಿನಲ್ಲಿ ಸಿಕ್ಕಿಕೊಂಡು ನಿಂತೇಬಿಟ್ಟಿತು, ಅದರ ಹಿಂಭಾಗ ಬಂಡೆಗೊರಗಿ ನಿಂತವರ ಎದುರಿಗೇ. ಪೊಲೀಸರು ಕೆಳಗಿಳಿದು ಚಕ್ರ ನೋಡತೊಡಗಿದರು.

"ತಗೊಂಡ್ಹೋಗ್ರೋ ನಿಮ್ಮ ಹಾಳು ಗಾಡೀನ!" ಎಂದು ಎರ್ಮಿನಿಯಾ ಎಂಜಿನ್ನಿನ ಗದ್ದಲದ ಮೇಲೆ ಕೂಗಿದಳು. ಯಾರಿಗೂ ಕೇಳಿಸಲಿಲ್ಲ. "ನನಗೆ ತಡ ಆಗ್ತಿದೆ!"

ಆಗ ಟಾರ್ಪಾಲಿನ ಸೀಳಿನಿಂದ ಒಂದು ಕೈ ಹೊರಬಂತು. ಬುಟ್ಟಿಯಿಂದ ಏಳುತ್ತಿದ್ದ ಹುರಿದ ಕೋಳಿಯ ವಾಸನೆ ಹಿಡಿದಿರಬೇಕು. ಅಂಗೈ ಮೇಲೆ ಮಾಡಿ, ಬೆರಳು ಮಡಿಸಿ ಬಿಚ್ಚಿ, ಕೊಡು ಕೊಡು ಎಂದು ಬೇಡಿತು. ಪಕ್ಕದ ಹೆಂಗಸು ತನ್ನ ಬಳಿಯಿದ್ದ ಒಂದು ಬಾಳೆಹಣ್ಣನ್ನು ಅದರಲ್ಲಿ ಇಟ್ಟಳು. ಕೈ ಒಳಗೆ ಹೋಯಿತು, ಮತ್ತೆ ಬಂತು, ಈ ಸಲ ನೇರ ಎರ್ಮಿನಿಯಾಳ ಕಡೆಗೆ.

"ಒಂದು ತುಂಡು ಕೊಡೇ, ಪಾಪ," ಎಂದಳು ಆ ಹೆಂಗಸು.

"ಇದು ನನ್ನ ಗಂಡನಿಗೆ," ಎಂದು ಎರ್ಮಿನಿಯಾ ಬಟ್ಟೆಯ ಗಂಟನ್ನು ಇನ್ನಷ್ಟು ಬಿಗಿದು, ಬುಟ್ಟಿಯನ್ನು ಶಾಲಿನಡಿ ಎಳೆದುಕೊಂಡಳು. "ಕಳ್ಳರಿಗೆಲ್ಲ ಹಂಚೋಕೆ ಮಾಡಿಲ್ಲ."

ಲಾರಿ ಒಂದು ಸಲ ಗಡಗಡ ನಡುಗಿ ಬಿಡಿಸಿಕೊಂಡು ಮುಂದೆ ಹೋಯಿತು.

ಪಟ್ಟಣ ತಲುಪಿದಾಗ ಕತ್ತಲಾಗಿತ್ತು, ಕಚೇರಿ ಮುಚ್ಚಿತ್ತು. ಶನಿವಾರ ಬೆಳಿಗ್ಗೆ ಜೈಲಿನ ಬಾಗಿಲಲ್ಲಿ ಲೀನೊ ಸಿಕ್ಕಿದ. ಅವಳನ್ನು ನೋಡಿದವನೇ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಯಾಕೆ ಬರ್ಲಿಲ್ಲ? ದಿನಾ ಲಾರಿ ನಿಲ್ಲೋ ಜಾಗದಲ್ಲಿ ಕಾದೆ."

"ಜೈಲು ಅಂತ ಯಾಕೆ ಹೇಳಿಸ್ಲಿಲ್ಲ ಭಾವ?"

"ಊರೆಲ್ಲ ರೇಡಿಯೋ ಕೇಳುತ್ತಲ್ಲ," ಎಂದ ಲೀನೊ. "ಜನ ನಿನ್ನ ನೋಡಿ ನಗಬಾರ್ದು ಅಂತ."

ಕಚೇರಿಯ ಗುಮಾಸ್ತ ಪತ್ರವನ್ನು ಬಿಡಿಸಿ, ಬೆರಳಿಟ್ಟು ಓದಿದ. ತಾಯಿಯ ಹೆಸರು, ತಂದೆಯ ಹೆಸರು, ಹುಟ್ಟಿದ ಊರು. ಒಳ್ಳೆಯ ಮನುಷ್ಯ, ಅವಳಿಗೆ ಕುರ್ಚಿ ಹಾಕಿಸಿದ.

"ಇದೇ ಪತ್ರ. ದನ ಕದ್ದ ಮಾಯ್ತಾನ ತಾಯಿಯ ಹೆಸರೇ ಬೇರೆ. ಇದು ಬಂದಿದ್ದರೆ ಅವತ್ತೇ ಬಿಡ್ತಿದ್ವಿ. ಹದಿನೆಂಟರ ಸಾಯಂಕಾಲದವರೆಗೂ ಕಾದ್ವಿ ಕಣಮ್ಮಾ. ನಿನ್ನೆ ಬೆಳಗಿನ ಜಾವ ನಾಲ್ಕಕ್ಕೆ ಕಾಡಿನ ಸೆರೆಶಿಬಿರಕ್ಕೆ ಹೋಗೋ ಲಾರಿಗೆ ಹತ್ತಿಸಿದ್ರು. ನಿಮ್ಮ ಊರ ಮೇಲೇ ಹೋಗುತ್ತೆ. ಅಲ್ಲಿಂದ ದೋಣಿ, ಒಂಬತ್ತು ದಿನ. ಇನ್ನು ಮೇಲ್ಮನವಿ ಹಾಕಬೇಕು, ವರ್ಷ ಎರಡು ವರ್ಷ ಆಗಬಹುದು. ದಾರಿಯಲ್ಲಿ ಎಲ್ಲಾದರೂ ಎದುರಾಗಿರ್ಬೇಕಲ್ಲ, ಹಸಿರು ಟಾರ್ಪಾಲಿನ ಲಾರಿ?"

ಬುಟ್ಟಿ ಎರ್ಮಿನಿಯಾಳ ಮಡಿಲಲ್ಲೇ ಇತ್ತು, ಮೇಲಿನ ಗಂಟು ಅವಳೇ ಬಿಗಿದಷ್ಟು ಬಿಗಿಯಾಗಿ. ಅವಳು ಕಣ್ಣು ಮುಚ್ಚಿಕೊಂಡು ಆ ಕೈಯನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ದಪ್ಪ ಬೆರಳೋ, ಸಣ್ಣ ಬೆರಳೋ? ಎಡಗೈಯೋ, ಬಲಗೈಯೋ? ಉಂಗುರವಿತ್ತೋ, ಇರಲಿಲ್ಲವೋ? ಹನ್ನೊಂದು ವರ್ಷ ಆ ಕೈಗೆ ಅನ್ನ ಬಡಿಸಿದವಳಿಗೆ ಒಂದು ಸಲ ನೋಡಿದ್ದರೆ ಸಾಕಿತ್ತು. ಅವಳು ನೋಡಿರಲಿಲ್ಲ. ಅಷ್ಟು ಹೊತ್ತೂ ಅವಳು ಬುಟ್ಟಿಯನ್ನೇ ನೋಡುತ್ತಿದ್ದಳು.